ದುಬಾರಿ ವಾಚು ಎಲ್ಲಿ ದುಬಾರಿ?

ಮಂಗಳೂರಿನ ಹಂಪನಕಟ್ಟೆಯಲ್ಲಿ ನನ್ನದು ವಾಚು ರಿಪೇರಿಯ ಸಣ್ಣ ಅಂಗಡಿ. ಕಳೆದ ಮಳೆಗಾಲದಲ್ಲಿ ಮಸ್ಕತ್‌ನಿಂದ ರಜೆಗೆ ಬಂದ ಅಕ್ಕನ ಮಗ ಎರಡು ವಾಚುಗಳನ್ನು ಮೇಜಿನ ಮೇಲಿಟ್ಟ. ಒಂದು ಅವನದೇ ಸೀಕೊ 5, ಒಳಗಿರುವುದು 4ಆರ್36 ಯಂತ್ರ. ಇನ್ನೊಂದು ಗೆಳೆಯನಿಂದ ಕೇಳಿ ತಂದ ಟಿಸೊ ಪಿಆರ್‌ಎಕ್ಸ್, ಒಳಗೆ ಪವರ್‌ಮ್ಯಾಟಿಕ್ 80. "ಮಾವ, ಇದರ ಬೆಲೆ ನನ್ನದರ ಎರಡು ಪಟ್ಟಿಗೂ ಮೇಲೆ. ಆ ದುಡ್ಡು ಎಲ್ಲಿ ಹೋಗುತ್ತದೆ?" ಎಂದ. ಒಂದು ವಾರ ಇಲ್ಲೇ ಬಿಡು ಎಂದೆ. ಎರಡು ವಾಚು ಕೈಗೆ ಸಿಕ್ಕಿದರೆ ನೀವೂ ಇದೇ ರೀತಿ ನೋಡಬಹುದು.

ಮೊದಲು ಪೂರ್ತಿ ಕೀ ಕೊಡಿ. ಕೈ ಆಡಿದಂತೆ ತಾನೇ ಕೀ ಸುತ್ತಿಕೊಳ್ಳುವ ಇಂಥ ಆಟೊಮ್ಯಾಟಿಕ್ ವಾಚಿನಲ್ಲಿ ಸ್ಪ್ರಿಂಗ್ ತುಂಬಿದರೂ ಕೈಗೆ ತಡೆ ಸಿಗುವುದಿಲ್ಲ, ಆದ್ದರಿಂದ ನಿಧಾನವಾಗಿ 50 ಸುತ್ತು ಎಣಿಸಿ ನಿಲ್ಲಿಸಿ. ಸೆಕೆಂಡ್ ಮುಳ್ಳು 12ಕ್ಕೆ ಬಂದಾಗ ಕ್ರೌನ್, ಅಂದರೆ ಕೀ ಕೊಡುವ ಗುಂಡಿ, ಎಳೆದು ನಿಲ್ಲಿಸಿ, ಮೊಬೈಲಿನಲ್ಲಿ ನಿಮಿಷ ಬದಲಾದ ಕ್ಷಣ ಒತ್ತಿ. ಒಂದು ದಿನ ಕೈಗೆ ಕಟ್ಟಿ, ಒಂದು ದಿನ ಮುಖ ಮೇಲಾಗಿ ಮಲಗಿಸಿ, ಒಂದು ದಿನ ಕ್ರೌನ್ ಕೆಳಗಾಗಿ ನಿಲ್ಲಿಸಿ. ದಿನವೂ ಅದೇ ಹೊತ್ತಿಗೆ ವ್ಯತ್ಯಾಸ ಬರೆದು, ಮತ್ತೆ ಕೀ ಕೊಡಿ.

ಸೀಕೊ ಕೈಯಲ್ಲಿ ದಿನಕ್ಕೆ 14 ಸೆಕೆಂಡ್ ಮುಂದೆ ಓಡಿತು, ಮಲಗಿಸಿದಾಗ 19, ನಿಲ್ಲಿಸಿದಾಗ 5. ಟಿಸೊ 5, 7, 3. ಸೀಕೊದ ಈ ಯಂತ್ರಕ್ಕೆ ಕಂಪನಿಯೇ ಹೇಳಿರುವ ಮಿತಿ ದಿನಕ್ಕೆ 45 ಸೆಕೆಂಡ್ ಮುಂದೆ, 35 ಸೆಕೆಂಡ್ ಹಿಂದೆ. ಆ ಲೆಕ್ಕದಲ್ಲಿ ಅದು ಬಹಳ ಚೆನ್ನಾಗಿಯೇ ಇದೆ.

ಆದರೆ ನೋಡಬೇಕಾದದ್ದು ವಾಚು ಎಷ್ಟು ಮುಂದೆ ಓಡುತ್ತದೆ ಎಂಬುದನ್ನಲ್ಲ. ಕಣ್ಣಿಗೆ ಮಸೂರ ಸಿಕ್ಕಿಸಿ ಸೀಕೊದ ಹಿಂಬದಿ ತೆರೆದೆ. ಅತ್ತಿತ್ತ ತೂಗುತ್ತ ವಾಚಿನ ವೇಗ ಕಾಯುವ ಬ್ಯಾಲೆನ್ಸ್ ಚಕ್ರದ ಮೇಲೆ, ಆ ವೇಗ ಹೊಂದಿಸಲು ಒಂದು ಪುಟ್ಟ ಲಿವರ್ ಇದೆ. ಅದನ್ನು ಕೂದಲೆಳೆಯಷ್ಟು ಸರಿಸಿದೆ. ಮರುದಿನದಿಂದ ಕೈಯಲ್ಲಿ 4 ಸೆಕೆಂಡ್ ಮಾತ್ರ ಮುಂದೆ. ಆದರೆ ಮಲಗಿಸಿದಾಗ 9 ಮುಂದೆ, ನಿಲ್ಲಿಸಿದಾಗ 5 ಹಿಂದೆ. ನಡುವಿನ ಅಂತರ ಮೊದಲಿನಂತೆಯೇ 14 ಸೆಕೆಂಡ್. ಟಿಸೊದಲ್ಲಿ ಅದು ನಾಲ್ಕೇ. ಮಗ್ಗುಲು ಬದಲಿಸಿದರೂ ಓಟ ಬದಲಾಗದಿರುವುದಕ್ಕೆ ದುಡ್ಡು ಕೊಡಬೇಕು, ಅದು ನ್ಯಾಯವೂ ಹೌದು. ಟಿಸೊದ ಯಂತ್ರದಲ್ಲಿ ಆ ಲಿವರ್ ಇಲ್ಲ, ಕಾರ್ಖಾನೆಯಲ್ಲೇ ಹೊಂದಿಸಿ ಕಳಿಸುತ್ತಾರೆ. ಕೆಟ್ಟರೆ ನನ್ನಂಥವನ ಮೇಜಿಗಿಂತ ಕಂಪನಿಯ ಸರ್ವಿಸ್ ಸೆಂಟರೇ ಅದಕ್ಕೆ ಸರಿ. ಆ ಖರ್ಚನ್ನೂ ಬೆಲೆಯೊಳಗೆ ಸೇರಿಸಿಕೊಳ್ಳಿ.

ಸೆಕೆಂಡ್ ಮುಳ್ಳಿನ ನುಣುಪು ನೋಡಿ ಮರುಳಾಗಬೇಡಿ. ಎರಡೂ ಗಂಟೆಗೆ 21,600 ಬಡಿತ, ಅಂದರೆ ಸೆಕೆಂಡಿಗೆ ಆರು ಹೆಜ್ಜೆ.

ಗಾಜಿನ ವ್ಯತ್ಯಾಸ ನಿಜ. ಟಿಸೊದ್ದು ಸಫೈರ್ ಎಂಬ ಕೃತಕ ಹರಳು, ಸೀಕೊದ್ದು ಹಾರ್ಡ್‌ಲೆಕ್ಸ್ ಎಂಬ ಗಟ್ಟಿಗೊಳಿಸಿದ ಗಾಜು. ಪಣಂಬೂರಿನ ಮರಳಿನಲ್ಲಿ ಒಮ್ಮೆ ಉಜ್ಜಿದರೂ ಹಾರ್ಡ್‌ಲೆಕ್ಸ್ ಮೇಲೆ ಗೀರು ಬೀಳುತ್ತದೆ, ಸಫೈರ್ ಮೇಲೆ ಬೀಳುವುದಿಲ್ಲ.

ನಮ್ಮ ಕರಾವಳಿಯಲ್ಲಿ ವಾಚನ್ನು ಕೊಲ್ಲುವುದು ಬೆವರು ಮತ್ತು ತೇವ. ಎರಡರ ಮೇಲೂ 100 ಮೀಟರ್ ಎಂದಿದೆ, ಆದರೆ ನೀರು ತಡೆಯುವುದು ಒಳಗಿನ ರಬ್ಬರ್ ರಿಂಗ್. ಅದು ಹಳತಾದರೆ ಆ ಬರಹಕ್ಕೆ ಅರ್ಥವಿಲ್ಲ. ವಾಚನ್ನು ಮುಷ್ಟಿಯಲ್ಲಿ ಚೆನ್ನಾಗಿ ಬೆಚ್ಚಗಾಗಿಸಿ, ಗಾಜಿನ ನಡುವೆ ಒಂದು ಹನಿ ತಣ್ಣೀರು ಬಿಡಿ. ಒಂದು ನಿಮಿಷದ ಮೇಲೆ ಒರೆಸಿ, ಬೆಳಕಿಗೆ ಓರೆಯಾಗಿ ಹಿಡಿಯಿರಿ. ಹನಿ ಇದ್ದ ಜಾಗದಲ್ಲಿ ಒಳಗಿನಿಂದ ಮಂಜು ಕಟ್ಟಿದ್ದರೆ ತೇವ ಸೇರಿದೆ ಎಂದರ್ಥ. ಅಂದೇ ರಿಪೇರಿಗೆ ಕೊಡಿ. ಸೀಕೊದ ಗಾಜು ತಿಳಿಯಾಗಿತ್ತು. ಆದರೂ ಮುಚ್ಚಳ ತೆರೆದಿದ್ದರಿಂದ ಹೊಸ ರಿಂಗಿಗೆ ಸಿಲಿಕೋನ್ ಗ್ರೀಸ್ ಸವರಿಯೇ ಮುಚ್ಚಿದೆ.

ಕೊನೆಯದಾಗಿ, ಶನಿವಾರ ಸಂಜೆ ಆರಕ್ಕೆ ಎರಡನ್ನೂ ಪೂರ್ತಿ ಕೀ ಕೊಟ್ಟು ಡ್ರಾಯರಿನಲ್ಲಿಟ್ಟೆ. ಸೋಮವಾರ ಊಟದ ಹೊತ್ತಿಗೆ ಸೀಕೊ ನಿಂತಿತ್ತು. ಅದರ ಸಾಮರ್ಥ್ಯ ಸುಮಾರು 41 ಗಂಟೆ. ಟಿಸೊ ಹೆಸರಿನಲ್ಲಿರುವಂತೆ 80 ಗಂಟೆಯದು, ಮಂಗಳವಾರ ರಾತ್ರಿ ಅಂಗಡಿ ಮುಚ್ಚುವಾಗಲೂ ನಡೆಯುತ್ತಿತ್ತು. ವಾರಕ್ಕೆರಡು ದಿನ ಮಾತ್ರ ವಾಚು ಕಟ್ಟುವವರಿಗೆ ನಾನು ಟಿಸೊವನ್ನೇ ಹೇಳುತ್ತೇನೆ. ಅಳಿಯ ಮಲಗುವಾಗಲೂ ಬಿಚ್ಚುವವನಲ್ಲ. ಗೆಳೆಯನದನ್ನು ಹಿಂದಿರುಗಿಸಿ, ತನ್ನದನ್ನೇ ಕಟ್ಟಿಕೊಂಡು ಹೋದ.