ಮಾವಿನ ತೊಗಟೆಯಿಂದ ಮ್ಯಾಂಜಿಫೆರಿನ್: ಫನಲ್ ಕುಲುಕುವ ಮುನ್ನ

ಎಂ.ಎಸ್ಸಿ. ಪ್ರಾಜೆಕ್ಟಿಗೆ ಮಾವಿನ ತೊಗಟೆಯಿಂದ ಮ್ಯಾಂಜಿಫೆರಿನ್ ಎಂಬ ಹಳದಿ ಸಂಯುಕ್ತವನ್ನು ಬೇರ್ಪಡಿಸುವ ಕೆಲಸ ಆರಿಸಿಕೊಳ್ಳುವ ವಿದ್ಯಾರ್ಥಿಗಳು ಪ್ರತಿವರ್ಷ ಎಡವುವುದು ಒಂದೇ ಕಡೆ, ಬೆರೆಯದ ಎರಡು ದ್ರವಗಳನ್ನು ಬೇರ್ಪಡಿಸುವ, ತಳದಲ್ಲಿ ನಲ್ಲಿಯಿರುವ ಸೆಪರೇಟಿಂಗ್ ಫನಲ್ ಕೈಗೆ ಬಂದಾಗ.

ಕೊಯ್ಲಿನ ನಂತರ ಸವರಿದ ಕೊಂಬೆಗಳ ತೊಗಟೆಯನ್ನೇ ಬಳಸಬೇಕು. ನಿಂತ ಮರದ ಕಾಂಡವನ್ನು ಸುತ್ತಲೂ ಸುಲಿದರೆ ಮರ ಸಾಯುತ್ತದೆ. ಗ್ರಂಥಿಗೆ ಅಂಗಡಿಯ ಸಿದ್ಧ ಪುಡಿ ಖಂಡಿತ ಬೇಡ, ಪುಡಿಯಾದ ಮೇಲೆ ಅದು ಯಾವ ಮರದ್ದೆಂದು ಗುರುತಿಸುವುದು ಕಷ್ಟ. ತೊಗಟೆಯನ್ನು ನೆರಳಿನಲ್ಲಿ ಒಣಗಿಸಿ, ತರಿತರಿಯಾಗಿ ಪುಡಿಮಾಡಿ, ಹೆಕ್ಸೇನಿನಿಂದ ಜಿಡ್ಡು ತೆಗೆದು, 100 ಗ್ರಾಂ ಪುಡಿಯನ್ನು ಒಂದು ಲೀಟರ್ ಶೇ 70ರ ಎಥನಾಲಿನಲ್ಲಿ ಒಂದು ದಿನ ನೆನೆಸಿ ಸೋಸಬೇಕು. ಹೀಗೆ ಮೂರು ಸಲ. ದ್ರಾವಕವನ್ನು ಕಾಯಿಸಿ ಮತ್ತೆಮತ್ತೆ ಹರಿಸುವ ಸಾಕ್ಸ್‌ಲೆಟ್ ಉಪಕರಣ ಬೇಗ ಮುಗಿಸುತ್ತದೆ ನಿಜ, ಆದರೂ ನಾನು ನೆನೆಸುವ ಪಕ್ಷದವನೇ.

ಸೋಸಿದ್ದರಲ್ಲಿನ ಎಥನಾಲನ್ನು ರೋಟರಿ ಇವಾಪೊರೇಟರಿನಲ್ಲಿ (ಕಡಿಮೆ ಒತ್ತಡದಲ್ಲಿ ದ್ರಾವಕವನ್ನು ಆವಿಯಾಗಿಸುವ ಉಪಕರಣ), 50 ಡಿಗ್ರಿ ಮೀರದಂತೆ, ಪೂರ್ತಿ ಹಾರಿಸಬೇಕು. ಅದು ನೀರಿಗೂ ಮುಂದೆ ಸೇರಿಸುವ ಈಥೈಲ್ ಅಸಿಟೇಟಿಗೂ ಬೆರೆಯುವುದರಿಂದ, ಸ್ವಲ್ಪ ಉಳಿದರೂ ಪದರಗಳು ಸರಿಯಾಗಿ ಬೇರೆಯಾಗುವುದಿಲ್ಲ. ತಣಿದ ಮೇಲೆ ತಳದಲ್ಲಿ ಹಳದಿ ಗಸಿ ಕೂತರೆ ಕಸವೆಂದು ಚೆಲ್ಲಬಾರದು. ಮ್ಯಾಂಜಿಫೆರಿನ್ ತಣ್ಣೀರಿನಲ್ಲಿ ಅಷ್ಟಾಗಿ ಕರಗದ ಕಾರಣ ನಮಗೆ ಬೇಕಾದದ್ದು ಅಲ್ಲೇ ಇರಬಹುದು. ಅದನ್ನು ಸೋಸಿ ಬೇರೆ ಇಡಬೇಕು.

ಉಳಿದ ನೀರಿನ ಭಾಗಕ್ಕೆ ಸಮ ಪ್ರಮಾಣದ ಈಥೈಲ್ ಅಸಿಟೇಟ್ ಸೇರಿಸಿ ಫನಲನ್ನು ಮಜ್ಜಿಗೆ ಕಡೆದಂತೆ ಕುಲುಕಿದರೆ ಕೆಲಸ ಕೆಟ್ಟಿತೆಂದೇ ತಿಳಿಯಿರಿ. ತೊಗಟೆಗೆ ಒಗರು ಕೊಡುವ ಟ್ಯಾನಿನ್ನುಗಳು ಎರಡು ಪದರಗಳ ನಡುವೆ ಬೆರಳು ದಪ್ಪದ ಕಂದು ನೊರೆಯನ್ನು ಕಟ್ಟಿಬಿಡುತ್ತವೆ. ಬಿರಡೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದು, ಫನಲನ್ನು ನಿಧಾನವಾಗಿ ತಲೆಕೆಳಗು ಮಾಡಿ, ಮೇಲೆ ಬಂದ ಕೊಳವೆಯನ್ನು ಮುಖದಿಂದ ಆಚೆಗೆ ತಿರುಗಿಸಿ, ನಲ್ಲಿ ತೆರೆದು ಒಳಗಿನ ಒತ್ತಡವನ್ನು ಬಿಡಬೇಕು. ಹತ್ತು ಹದಿನೈದು ಸಲ ಹೀಗೆ ಮಗುಚಿದರೆ ಸಾಕು. ನೊರೆ ಕಟ್ಟಿಯೇಬಿಟ್ಟರೆ ಇನ್ನಷ್ಟು ಕುಲುಕದೆ, ಶುದ್ಧ ಸೋಡಿಯಂ ಕ್ಲೋರೈಡಿನ ಗಾಢ ದ್ರಾವಣವನ್ನು ಸ್ವಲ್ಪ ಹಾಕಿ, ರಾತ್ರಿಯಿಡೀ ಸ್ಟ್ಯಾಂಡಿನಲ್ಲಿ ಬಿಡಬೇಕು. ಅಡುಗೆಮನೆಯ ಅಯೋಡಿನ್ ಉಪ್ಪು ಬೇಡ. ಈಥೈಲ್ ಅಸಿಟೇಟ್ ಹಗುರವಾದ್ದರಿಂದ ಮೇಲೆ ನಿಲ್ಲುತ್ತದೆ. ನೀರಿನ ಪದರವನ್ನು ಬ್ಯುಟನಾಲಿನಿಂದ ಮತ್ತೊಮ್ಮೆ ತೊಳೆಯಬೇಕು, ಟಿಎಲ್‌ಸಿ (ಲೇಪಿತ ತಟ್ಟೆಯ ಮೇಲೆ ಘಟಕಗಳನ್ನು ಚುಕ್ಕೆಗಳಾಗಿ ಬೇರ್ಪಡಿಸುವ ಪರೀಕ್ಷೆ) ಮುಗಿಯುವವರೆಗೆ ಯಾವುದನ್ನೂ ಚೆಲ್ಲಬಾರದು.

ಫೆರಿಕ್ ಕ್ಲೋರೈಡ್ ಹಾಕಿದಾಗ ಹಸಿರು ಬಂದಿತೆಂದು ಮ್ಯಾಂಜಿಫೆರಿನ್ ಎಂದು ಬರೆದುಬಿಡುವವರಿದ್ದಾರೆ. ಆ ಬಣ್ಣವನ್ನು ಟ್ಯಾನಿನ್ನೂ ಕೊಡುತ್ತದೆ. ಸಿಲಿಕಾ ತಟ್ಟೆಯ ಮೇಲೆ ಶುದ್ಧ ಮ್ಯಾಂಜಿಫೆರಿನ್, ನಿಮ್ಮ ಮಾದರಿ ಮತ್ತು ಎರಡರ ಮಿಶ್ರಣವನ್ನು ಅಕ್ಕಪಕ್ಕ ಇಟ್ಟು, ಈಥೈಲ್ ಅಸಿಟೇಟ್, ಫಾರ್ಮಿಕ್ ಆಮ್ಲ, ಅಸಿಟಿಕ್ ಆಮ್ಲ, ನೀರು ಇವುಗಳ 100:11:11:26 ಮಿಶ್ರಣದಲ್ಲಿ ಓಡಿಸಬೇಕು. ಮಾದರಿ ಮತ್ತು ಮ್ಯಾಂಜಿಫೆರಿನ್ ಬೆರೆಸಿದ ಚುಕ್ಕೆ ಒಡೆಯದೆ ಒಂದಾಗಿಯೇ ಉಳಿದರೆ ಎಲ್‌ಸಿ-ಎಂಎಸ್‌ಗೆ (ಘಟಕಗಳನ್ನು ಬೇರ್ಪಡಿಸಿ ಅವುಗಳ ಅಣುತೂಕ ಅಳೆಯುವ ಯಂತ್ರ) ಕಳುಹಿಸಬಹುದು. ಅಲ್ಲಿ ಋಣ ಅಯಾನು 421ರಲ್ಲಿ ಕಾಣಿಸಿಕೊಂಡು 331 ಮತ್ತು 301ಕ್ಕೆ ಒಡೆದರೆ, ಮ್ಯಾಂಜಿಫೆರಿನ್‌ನಲ್ಲಿರುವಂತೆ ಅಣುವಿನ ಸಕ್ಕರೆ ಭಾಗ ನೇರವಾಗಿ ಇಂಗಾಲಕ್ಕೇ ಅಂಟಿದೆ ಎಂದರ್ಥ. ಆಮ್ಲಜನಕದ ಮೂಲಕ ಅಂಟಿದ್ದರೆ 162ರಷ್ಟು ಕಳಚಿ 259 ಉಳಿಯುತ್ತಿತ್ತು.