ಮಲಗಿ ಎದ್ದ ಮೇಲೆ ಜೀನು: ಹೊಸ ಕುದುರೆ ಮನೆಗೆ ಒಗ್ಗಿದ ಬಗೆ

ಮನೆಗೆ ಹೊಸ ಕುದುರೆ ಬಂತು ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ, "ಹತ್ತಿ ನೋಡಿದ್ರಾ?" ನಮ್ಮ ಮನೆ ಉಡುಪಿ ಹತ್ತಿರದ ಕಟಪಾಡಿಯಿಂದ ಶಿರ್ವಕ್ಕೆ ಹೋಗುವ ದಾರಿಯ ಒಳಗಡೆ. ಇಲ್ಲಿ ಎತ್ತರದ ಲಾರಿ ಬಂದು ನಿಂತರೆ ಇಡೀ ಊರಿಗೆ ಸುದ್ದಿ. ಕೇಳಿದವರಿಗೆಲ್ಲ ನಾನು ಹೇಳುವುದು, "ಅದು ಮಲಗಿ ನಿದ್ದೆ ಮಾಡಲಿ, ಆಮೇಲೆ ಹತ್ತುವ."

ತಮಾಷೆಗೆ ಹೇಳುವುದಲ್ಲ. ಕುದುರೆ ನಿಂತಲ್ಲೇ ತೂಕಡಿಸುತ್ತದೆ. ಕಾಲಿನ ಕೀಲು ಬಿಗಿ ಮಾಡಿಕೊಂಡು ಗಂಟೆಗಟ್ಟಲೆ ನಿಲ್ಲುವ ಏರ್ಪಾಡು ಅದರ ಮೈಯಲ್ಲೇ ಇದೆ. ಆದರೆ ಗಾಢ ನಿದ್ದೆ ಬೇಕಾದರೆ ಮಲಗಲೇಬೇಕು. ದಿನಕ್ಕೆ ಅರ್ಧ ಗಂಟೆಯಷ್ಟು ಸಿಕ್ಕರೂ ಸಾಕು. ಜಾಗದ ಮೇಲೆ ಭರವಸೆ ಬರದೆ ಅದು ಮಲಗುವುದಿಲ್ಲ. ಮಲಗಿದ ಕುದುರೆಗೆ ಎದ್ದು ಓಡಲು ಹೊತ್ತು ಬೇಕು, ಆ ಹೊತ್ತಿನಲ್ಲಿ ಹುಲಿ ಬಂದರೆ? ಹುಲಿ ಇಲ್ಲ ಅಂತ ನಮಗೆ ಗೊತ್ತು, ಅದಕ್ಕೆ ಗೊತ್ತಿಲ್ಲ. ಹೀಗೆ ದಿನಗಟ್ಟಲೆ ನಿದ್ದೆಗೆಟ್ಟ ಕುದುರೆ ನಿಂತಲ್ಲೇ ಮುಂಗಾಲು ಮಡಚಿ ಕುಸಿಯುತ್ತದೆ. ಗೊರಸಿನ ಮೇಲಿನ ಕೀಲಿನ ಮುಂಭಾಗ ತರಚಿಕೊಳ್ಳುತ್ತದೆ. ಕುದುರೆ ಕೊಳ್ಳಲು ಹೋದಾಗ ಹಲ್ಲು ನೋಡುವ ಮೊದಲು ನಾನು ಆ ಕೀಲು ನೋಡುತ್ತೇನೆ.

ಮಲಗಿತೋ ಇಲ್ಲವೋ ಅಂತ ತಿಳಿಯಲು ರಾತ್ರಿ ಕಾಯಬೇಕಾಗಿಲ್ಲ. ಬೆಳಿಗ್ಗೆ ಬಾಲದ ಕೂದಲಲ್ಲಿ ಮರದ ಹುಡಿ ಸಿಕ್ಕಿಕೊಂಡಿದೆಯಾ, ಪಕ್ಕೆಯಲ್ಲಿ ಲದ್ದಿಯ ಕಲೆ ಇದೆಯಾ ನೋಡಿದರೆ ಆಯಿತು. ನಮ್ಮ ಬೊಳ್ಳಿ ಬಿಳಿ ಮೈಯವಳು, ಅವಳ ಕಲೆ ದೂರದಿಂದಲೇ ಕಾಣುತ್ತದೆ. ಕಾಠಿಯಾವಾಡಿ ತಳಿ. ಕಿವಿಯ ತುದಿಗಳು ಒಳಗೆ ಬಾಗಿ ಒಂದಕ್ಕೊಂದು ತಾಗುವ ಹಾಗೆ ಇರುತ್ತವೆ. ಇನ್ನೊಬ್ಬ ಚೆನ್ನ. ಬೆಂಗಳೂರಿನಲ್ಲಿ ರೇಸ್ ಓಡಿ ನಿವೃತ್ತಿಯಾದ ಥರೋಬ್ರೆಡ್. ಇವರಿಬ್ಬರಿಗಿಂತ ಮೊದಲೇ ಮನೆಯಲ್ಲಿ ಒಂದು ಮುದಿ ಪೋನಿ ಇತ್ತು.

ಕುದುರೆ ತರಿಸುವುದಾದರೆ ದೀಪಾವಳಿ ಕಳೆಯಲಿ. ಮಳೆಗಾಲದಲ್ಲಿ ತರಿಸಿದರೆ ಗೊರಸು ಕೆಸರಿಗೆ, ಹೊಟ್ಟೆ ಹೊಸ ಹುಲ್ಲಿಗೆ, ಕಿವಿ ಸುರಿಯುವ ಸದ್ದಿಗೆ ಎಲ್ಲ ಒಟ್ಟಿಗೇ ಒಗ್ಗಬೇಕು. ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಹೊಡೆಯುವ ಊರು ಇದು. ಏಪ್ರಿಲ್, ಮೇ ತಿಂಗಳ ಸೆಖೆಯಲ್ಲಂತೂ ಬೇಡವೇ ಬೇಡ. ನವೆಂಬರಿನಿಂದ ಜನವರಿವರೆಗೆ ಒಳ್ಳೆಯದು. ಆದರೆ ಕೋಲ, ಬಯಲಾಟ, ಕಂಬಳ ಎಲ್ಲ ಶುರುವಾಗುವುದೂ ಆಗಲೇ. ಮೇ ಕೊನೆಗೆ ಬರುವ ಪತ್ತನಾಜೆ ತನಕ ಎಲ್ಲಾದರೂ ಒಂದು ಕಡೆ ಚೆಂಡೆ, ಗರ್ನಾಲು (ಸಿಡಿಮದ್ದು) ಇದ್ದದ್ದೇ. ನನಗೆ ಅದು ದೊಡ್ಡ ತೊಂದರೆ ಅನ್ನಿಸುವುದಿಲ್ಲ. ದೂರದ ಸದ್ದು ಕೇಳಿ ಕೇಳಿ ಅಭ್ಯಾಸವಾಗುತ್ತದೆ. ಹತ್ತಿರದ ಮನೆಯಲ್ಲೇ ಕೋಲ ಇದ್ದರೆ ಆ ರಾತ್ರಿ ಲಾಯದ ಹೊರಗೆ ಕುರ್ಚಿ ಹಾಕಿ ಕೂರುತ್ತೇನೆ, ಮೇವು ಖಾಲಿಯಾಗದ ಹಾಗೆ ನೋಡಿಕೊಳ್ಳುತ್ತೇನೆ. ಬಾಯಿ ಆಡುತ್ತಿರುವ ಕುದುರೆ ಅಷ್ಟು ಬೆದರುವುದಿಲ್ಲ.

ಬೆಂಗಳೂರಿನಿಂದ ಇಲ್ಲಿಗೆ 400 ಕಿಮೀ ಹತ್ತಿರ. ಶಿರಾಡಿ ಘಾಟಿಯ ತಿರುವುಗಳಲ್ಲಿ ನಾಲ್ಕೂ ಕಾಲು ಊರಿ ತೂಕ ಸರಿದೂಗಿಸುತ್ತಲೇ ಬರಬೇಕು, ಇಳಿಯುವಾಗ ಮಾಂಸಖಂಡ ಸೋತಿರುತ್ತದೆ. ಲಾರಿಯವರು ಸಾಮಾನ್ಯವಾಗಿ ತಲೆಯನ್ನು ಗಿಡ್ಡ ಹಗ್ಗದಲ್ಲಿ ಮೇಲೆತ್ತಿ ಕಟ್ಟುತ್ತಾರೆ. ಇದಕ್ಕೆ ಒಪ್ಪಲೇಬಾರದು. ತಲೆ ತಗ್ಗಿಸಿ ಸೀನಲು ಆಗದಿದ್ದರೆ ಧೂಳು, ಕಫ ಎಲ್ಲ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ ನೀರು ತೋರಿಸಬೇಕು, ತಲೆ ಸಡಿಲ ಬಿಡಬೇಕು. ಬಂದ ಮೇಲೆ ಕೆಲವು ದಿನ ಬೆಳಿಗ್ಗೆ ಸಂಜೆ ಜ್ವರ ನೋಡಿ ಗೋಡೆಯ ಮೇಲೆ ಚಾಕಿನಲ್ಲಿ ಬರೆಯುತ್ತೇನೆ. 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಸರಿ. ಸುಮ್ಮನೆ ನಿಂತಿರುವಾಗ ನಾಡಿ ನಿಮಿಷಕ್ಕೆ 28ರಿಂದ 44. ಇದಕ್ಕಿಂತ ಜಾಸ್ತಿ ಇದ್ದು ಮೇವೂ ಬಿಟ್ಟರೆ ಡಾಕ್ಟರಿಗೆ ಫೋನ್.

ಲಾಯಕ್ಕೆ ಹೊಸ ಕಟ್ಟಡ ಕಟ್ಟಿಸಲಿಲ್ಲ. ಹಳೆ ದನದ ಹಟ್ಟಿಯೇ. ಕೆಂಪುಕಲ್ಲಿನ ಗೋಡೆ, ಮೇಲೆ ಹಂಚು. ತಗಡು ಹಾಕಿದರೆ ಖರ್ಚು ಕಡಿಮೆ ನಿಜ, ಆದರೆ ಸೆಖೆಗೆ ಒಲೆ, ಮಳೆಗೆ ಚೆಂಡೆ. ಒಂದೊಂದು ಕುದುರೆಗೆ 12 ಅಡಿ ಉದ್ದ, 12 ಅಡಿ ಅಗಲದ ಜಾಗ. ನೆಲಕ್ಕೆ ರಬ್ಬರ್ ಮ್ಯಾಟು, ಅದರ ಮೇಲೆ ದಪ್ಪಗೆ ಮರದ ಹುಡಿ. ಮೆತ್ತಗಿಲ್ಲದ ನೆಲದ ಮೇಲೆ ಯಾರು ಮಲಗುತ್ತಾರೆ ಹೇಳಿ. ಗೋಡೆಗಳನ್ನು ಎದೆ ಮಟ್ಟಕ್ಕೆ ಇಳಿಸಿ ಮೇಲೆ ಸಲಾಕೆ ಹಾಕಿಸಿದೆ. ಅಕ್ಕಪಕ್ಕದವರು ಕಾಣಬೇಕು, ಇಲ್ಲದಿದ್ದರೆ ಅಡ್ಡಾಡಿ ಅಡ್ಡಾಡಿ ಸುಸ್ತಾಗುತ್ತವೆ.

ಈಗ ಹೊಟ್ಟೆಯ ವಿಷಯ. ಕರಾವಳಿಯಲ್ಲಿ ಕುದುರೆ ಸಾಕುವವರಿಗೆ ನಿಜವಾದ ತಲೆನೋವು ಇದೇ.

ಕುದುರೆಯ ಮೈ ದೊಡ್ಡದು, ಜಠರ ಸಣ್ಣದು. 8ರಿಂದ 15 ಲೀಟರ್ ಅಷ್ಟೇ. ಹುಲ್ಲು ಜೀರ್ಣವಾಗುವುದು ಹಿಂದಿನ ದೊಡ್ಡ ಕರುಳಿನಲ್ಲಿ, ಅಲ್ಲಿರುವ ಸೂಕ್ಷ್ಮಜೀವಿಗಳಿಂದ. ಮೇವು ಒಮ್ಮೆಲೇ ಬದಲಾದರೆ ಆ ಜೀವಿಗಳು ಸಾಯುತ್ತವೆ, ಗ್ಯಾಸ್ ತುಂಬುತ್ತದೆ, ಹೊಟ್ಟೆನೋವು ಬರುತ್ತದೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಹಾಗಾಗಿ ಒಳಗೆ ಹೋದದ್ದು ಹಿಂದಿನಿಂದಲೇ ಬರಬೇಕು. ಇಲ್ಲಿ ಹೊಟ್ಟೆನೋವು ಅಂದರೆ ಜೀವಕ್ಕೇ ಅಪಾಯ. ಅದಕ್ಕೇ ಮಾರಿದವರ ಹತ್ತಿರ ಎರಡು ವಾರಕ್ಕಾಗುವಷ್ಟು ಹಳೆ ಮೇವನ್ನೂ ಕೊಂಡು ಅದೇ ಲಾರಿಯಲ್ಲಿ ತರುತ್ತೇನೆ. ಮೊದಲು ಹಳೆಯದೇ. ಆಮೇಲೆ ಮುಕ್ಕಾಲು ಹಳೆಯದು ಕಾಲು ಹೊಸದು, ಹಾಗೇ ನಿಧಾನಕ್ಕೆ ಬದಲು. 10 ದಿನಕ್ಕಿಂತ ಬೇಗ ಮುಗಿಸಲು ಹೋಗಬಾರದು.

ಇಲ್ಲಿ ಸುಲಭಕ್ಕೆ ಸಿಗುವುದು ಬೈಹುಲ್ಲು ಮತ್ತು ನೇಪಿಯರ್ ಹುಲ್ಲು. ದನಕ್ಕೆ ಎರಡೂ ಆಗುತ್ತದೆ. ಕುದುರೆಗೆ ಬೈಹುಲ್ಲು ಮಾತ್ರ ಹಾಕಿದರೆ ಕರುಳಿನಲ್ಲಿ ಗಂಟಾಗಿ ಕಟ್ಟಿಕೊಳ್ಳಬಹುದು, ಪೌಷ್ಟಿಕಾಂಶವೂ ಇಲ್ಲ. ನೇಪಿಯರಿನಲ್ಲಿ ಆಕ್ಸಲೇಟ್ ಜಾಸ್ತಿ. ಅದು ಸುಣ್ಣದ ಅಂಶವನ್ನು (ಕ್ಯಾಲ್ಸಿಯಂ) ಹಿಡಿದಿಟ್ಟು ಮೈಗೆ ಸಿಗದ ಹಾಗೆ ಮಾಡುತ್ತದೆ. ಮೇಲಿಂದ ರಂಜಕ ಜಾಸ್ತಿ ಇರುವ ತೌಡು ಸುರಿದರೆ ಇನ್ನೂ ಕೆಟ್ಟದು. ತಿಂಗಳುಗಟ್ಟಲೆ ಹೀಗೆ ನಡೆದರೆ ಮೂಳೆಯ ಸುಣ್ಣ ಕರಗಿ ಮುಖದ ಮೂಳೆ ಊದಿಕೊಳ್ಳುತ್ತದೆ, ಕುಂಟು ಬರುತ್ತದೆ. "ಹಸಿರು ಹುಲ್ಲು ಹೊಟ್ಟೆ ತುಂಬಾ ಹಾಕ್ತೇವೆ, ಆದ್ರೂ ಯಾಕೆ ಹೀಗೆ" ಅಂತ ಕೇಳುವವರಿಗೆ ಕಾರಣ ಆ ಹುಲ್ಲಿನಲ್ಲೇ ಇದೆ.

ನಾನು ಹಾಸನ ಕಡೆಯಿಂದ ರಾಗಿ ಹುಲ್ಲು ತರಿಸುತ್ತೇನೆ, ಜೊತೆಗೆ ಒಣ ಕುದುರೆಮಸಾಲೆ (ಲೂಸರ್ನ್) ಸೊಪ್ಪು. ಕುದುರೆಮಸಾಲೆಯಲ್ಲಿ ಸುಣ್ಣದ ಅಂಶ ಚೆನ್ನಾಗಿದೆ, ನೇಪಿಯರಿನ ಕೊರತೆ ಅಲ್ಲಿ ತುಂಬುತ್ತದೆ. ಗುಡ್ಡೆಯ ಮುಳಿಹುಲ್ಲನ್ನು ಎಳೆಯದಾಗಿರುವಾಗಲೇ ಕೊಯ್ದು ಒಣಗಿಸಿದರೆ ಸ್ವಲ್ಪ ಸೇರಿಸಬಹುದು. ಒಣಮೇವಿನ ಲೆಕ್ಕ ಮೈತೂಕದ ನೂರಕ್ಕೆ ಒಂದೂವರೆಯಿಂದ ಎರಡು ಪಾಲು, ಅಂದರೆ 450 ಕೆಜಿಯ ಚೆನ್ನನಿಗೆ ದಿನಕ್ಕೆ 7ರಿಂದ 9 ಕೆಜಿ. ಹುರುಳಿ ಕೇಳಲೇಬೇಡಿ, ಕಂಬಳದ ಕೋಣ ಸಾಕುವ ನೆರೆಯವರು ಮೊದಲ ದಿನವೇ ಒಂದು ಚೀಲ ತಂದಿಟ್ಟರು. ಪ್ರೀತಿ ದೊಡ್ಡದು. ಆದರೆ ಕೆಲಸ ಇಲ್ಲದ ಕುದುರೆಗೆ ಧಾನ್ಯ ಕೊಟ್ಟರೆ ಆ ಶಕ್ತಿ ಎಲ್ಲಿ ಹೋಗಬೇಕು? ಚೆನ್ನ ರೇಸಿನಲ್ಲಿದ್ದಾಗ ಕೆಜಿಗಟ್ಟಲೆ ಓಟ್ಸ್ ತಿಂದವನು. ಇಲ್ಲಿ ಅದನ್ನು ಇಳಿಸುತ್ತಾ ಬಂದು ಮೇವು ಏರಿಸಿದ ಮೇಲೆಯೇ ಅವನ ಕಣ್ಣು ಶಾಂತವಾದದ್ದು. ಹುರುಳಿ ಈಗಲೂ ಕೊಡುತ್ತೇನೆ, ಬೇಯಿಸಿ, ಒಂದೆರಡು ಹಿಡಿ. ದಿನಕ್ಕೆ 30ರಿಂದ 40 ಗ್ರಾಂ ಉಪ್ಪು ಮಾತ್ರ ತಪ್ಪಿಸುವುದಿಲ್ಲ.

ಕೋಳಿ ಸಾಕುವ ಮನೆಯವರಿಗೆ ಒಂದು ಎಚ್ಚರಿಕೆ. ಕೋಳಿ ಆಹಾರದಲ್ಲಿ ಹಲವು ಸಲ ಮೊನೆನ್ಸಿನ್ ಅಥವಾ ಸಲಿನೊಮೈಸಿನ್ ಅನ್ನುವ ಔಷಧಿ ಬೆರೆಸಿರುತ್ತಾರೆ. ಕೋಳಿಗೆ ಏನೂ ಆಗುವುದಿಲ್ಲ, ಕುದುರೆಯ ಹೃದಯವನ್ನು ಅದು ಹಾಳು ಮಾಡುತ್ತದೆ. ಆ ಚೀಲ ಲಾಯದ ಹತ್ತಿರವೂ ಬರಬಾರದು. ಕಡಲ ಬದಿ ಮನೆ ಇದ್ದರೆ ಮೇವನ್ನು ನೆಲಕ್ಕೆ ಹಾಕಬೇಡಿ, ಹೊಯಿಗೆ (ಮರಳು) ಹೊಟ್ಟೆ ಸೇರುತ್ತದೆ. ಅನುಮಾನ ಬಂದರೆ ಒಂದಷ್ಟು ಲದ್ದಿಯನ್ನು ಬಕೆಟ್ ನೀರಿನಲ್ಲಿ ಕದಡಿ ಬಿಡಿ. ಹೊಯಿಗೆ ಇದ್ದರೆ ತಳಕ್ಕೆ ಇಳಿಯುತ್ತದೆ.

ಹೊಸ ಕುದುರೆಯನ್ನು ಮೂರು ವಾರ ಹಳೆಯವುಗಳಿಂದ ದೂರ ಇಡುತ್ತೇನೆ. ಬೇರೆ ಬಕೆಟ್, ಬೇರೆ ಬ್ರಷ್, ಉಳಿದವುಗಳದ್ದು ಮುಗಿದ ಮೇಲೆಯೇ ಅದರ ಕೆಲಸ. ಸ್ಟ್ರಾಂಗಲ್ಸ್ ಅನ್ನುವ ಕಾಯಿಲೆ ಇದ್ದರೆ ಈ ಅವಧಿಯಲ್ಲಿ ದವಡೆಯ ಕೆಳಗೆ ಗಡ್ಡೆ, ಮೂಗಲ್ಲಿ ಕೀವು ಕಾಣಿಸಿಕೊಳ್ಳುತ್ತದೆ. ಗ್ಲಾಂಡರ್ಸ್‌ನ ರಕ್ತಪರೀಕ್ಷೆಯ ವರದಿ ಇಲ್ಲದೆ ಕುದುರೆಯನ್ನು ಲಾರಿಗೆ ಹತ್ತಿಸಲೇ ಬಾರದು. ಅದು ಮನುಷ್ಯರಿಗೂ ಹರಡುವ ರೋಗ, ಹಿಸಾರಿನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಇದರ ಪರೀಕ್ಷೆ ಮಾಡುತ್ತದೆ. ಧನುರ್ವಾಯು ಲಸಿಕೆ ಆಗಿದೆಯಾ ಅಂತಲೂ ನೋಡಿ. ನಮ್ಮ ಕಡೆಯ ಪಶುವೈದ್ಯರು ದನದಲ್ಲಿ ಪಳಗಿದವರು, ಕುದುರೆ ಅಪರೂಪ. ಹಾಗಾಗಿ ಕುದುರೆ ಬರುವ ಮೊದಲೇ ಬೆಂಗಳೂರಿನ ಒಬ್ಬ ಕುದುರೆ ಡಾಕ್ಟರು ಮತ್ತು ಇಲ್ಲಿನ ಡಾಕ್ಟರು ಫೋನಿನಲ್ಲಿ ಮಾತಾಡುವ ಹಾಗೆ ಮಾಡಿಟ್ಟಿದ್ದೆ. ಲಾಳ ಕಟ್ಟುವವರೂ ಘಟ್ಟ ಇಳಿದೇ ಬರಬೇಕು. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕೆತ್ತಿಸಬೇಕಲ್ಲ, ಆ ಖರ್ಚು ಮೊದಲೇ ಲೆಕ್ಕದಲ್ಲಿರಲಿ.

ದೂರ ಇಡುವುದು ಅಂದರೆ ಒಂಟಿ ಮಾಡುವುದಲ್ಲ. ಬೊಳ್ಳಿಯ ಜೊತೆಗೆ ಒಂದು ಆಡು ಬಿಟ್ಟೆ. ಮೊದಲು ಕಿವಿ ಹಿಂದಕ್ಕೆ ಮಾಡಿ ಓಡಿಸಿದಳು, ಆಮೇಲೆ ಅದು ಕಾಣದಿದ್ದರೆ ಕೆನೆಯಲು ಶುರು. ಆಡು ಪಕ್ಕದಲ್ಲಿ ಮೆಲುಕು ಹಾಕುತ್ತಿದ್ದ ರಾತ್ರಿಯೇ ಅವಳು ಮಲಗಿದ್ದು, ಬೆಳಿಗ್ಗೆ ಪಕ್ಕೆ ತುಂಬಾ ಕಲೆ. ಚೆನ್ನ ತುಂಬಾ ತಡ ಮಾಡಿದ. ಅವಧಿ ಮುಗಿದ ಮೇಲೆ ಬೇಲಿಯ ಆಚೆ ಈಚೆ ಮೂಸಿಕೊಳ್ಳಲು ಬಿಟ್ಟು, ನಂತರ ಒಂದೇ ಗದ್ದೆಗೆ ಬಿಟ್ಟೆವು. ಕುದುರೆ ಮೂರಾದರೆ ಮೇವಿನ ರಾಶಿ ನಾಲ್ಕು ಬೇಕು, ದೂರ ದೂರ. ಒದೆ, ಕಿರುಚಾಟ ಸ್ವಲ್ಪ ಇದ್ದೇ ಇರುತ್ತದೆ. ಮುದಿ ಪೋನಿಯೇ ಇಬ್ಬರನ್ನೂ ಹೆದರಿಸಿ ಯಜಮಾನಿಯಾಗಿ ಉಳಿಯಿತು. ಅದರ ಎತ್ತರ ನೋಡಿದರೆ ನಗು ಬರುತ್ತದೆ.

ಜೀನಿನ ಮೊದಲು ಕೈಹಿಡಿದು ನಡೆಸುವುದು. ಹಾಲ್ಟರ್ (ತಲೆಗೆ ಹಾಕುವ ಪಟ್ಟಿ) ಹಾಕಿ ಅಂಗಳ, ತೋಟ, ಗದ್ದೆಯ ಬದು, ಆಮೇಲೆ ರಸ್ತೆ. ಯಾವಾಗಲೂ ಭುಜದ ಪಕ್ಕ ನಡೆಯುತ್ತೇನೆ. ಹಣೆಯ ನೇರ ಎದುರಿಗೂ ಬಾಲದ ಹಿಂದೆಯೂ ಅದಕ್ಕೆ ಕಾಣುವುದಿಲ್ಲ. ತೋಟದ ನೀಲಿ ಟಾರ್ಪಾಲು, ಒಣಗಲು ಹಾಕಿದ ಅಡಿಕೆ, ಸ್ಪ್ರಿಂಕ್ಲರ್, ಬಸ್ಸಿನ ಹಾರ್ನು ಎಲ್ಲ ಇಲ್ಲೇ ಪರಿಚಯ ಆಗಬೇಕು. ನಾನು ಕೆಳಗಿರುವಾಗ ಬೆದರಿದರೆ ನಿಭಾಯಿಸಬಹುದು, ಅಲ್ವಾ?

ರೇಸ್ ಕುದುರೆಗೆ ಸವಾರಿ ಗೊತ್ತು ಅಂದುಕೊಳ್ಳುವುದು ಸುಲಭ. ಅದಕ್ಕೆ ಗೊತ್ತಿರುವ ಸವಾರಿಯೇ ಬೇರೆ. ಜಾಕಿಯನ್ನು ಕಾಲು ಹಿಡಿದೆತ್ತಿ ಕೂರಿಸುತ್ತಾರೆ, ಹಲವು ಸಲ ಕುದುರೆ ನಡೆಯುತ್ತಿರುವಾಗಲೇ. ಚೆನ್ನನಿಗೆ ಹತ್ತುವವರೆಗೆ ಸುಮ್ನೆ ನಿಲ್ಲುವುದೇ ಗೊತ್ತಿರಲಿಲ್ಲ. ಲಗಾಮು ಬಿಗಿ ಹಿಡಿದರೆ ಅದಕ್ಕೆ ಒರಗಿಕೊಂಡು ಇನ್ನೂ ಜೋರಾಗಿ ಓಡುವುದೇ ಅವನು ಕಲಿತ ಪಾಠ. ಅಂಥವನನ್ನು ನಿಲ್ಲಿಸಲು ಎಳೆದಷ್ಟೂ ಕಷ್ಟ. ನಾನು ಮೆಟ್ಟಿಲ ಪಕ್ಕ ನಿಲ್ಲಿಸಿ ಒಂದು ಕಾಲು ರಿಕಾಪಿಗೆ ಇಡುವುದು, ತೆಗೆಯುವುದು, ನಿಂತರೆ ಹೊಗಳುವುದು, ಇಷ್ಟನ್ನೇ ಮಾಡಿದೆ. ಹತ್ತಿದ ಮೇಲೂ ಬರೀ ನಡಿಗೆ. ಒಂದು ಕೈಯಲ್ಲಿ ಸ್ವಲ್ಪ ಹಿಡಿ, ತಕ್ಷಣ ಬಿಡು, ದೊಡ್ಡ ವೃತ್ತದಲ್ಲಿ ತಿರುಗಿಸು. ಬಿಡುವುದರಿಂದಲೇ ಅದು ಕಲಿಯುತ್ತದೆ.

ಬೊಳ್ಳಿಯ ಬೆನ್ನು ಕಿರಿದು, ಚೆನ್ನನ ಜೀನು ಅವಳಿಗೆ ಕೂರುವುದಿಲ್ಲ. ಚೆನ್ನನಿಗೂ ರೇಸಿನ ಮಾಂಸಖಂಡ ಇಳಿದ ಮೇಲೆ ಜೀನು ಇನ್ನೊಮ್ಮೆ ಹೊಂದಿಸಬೇಕಾಯಿತು. ಸವಾರಿ ಮುಗಿದಾಗ ಜೀನಿನ ಅಡಿ ಬೆವರಿನ ಗುರುತು ಎರಡೂ ಬದಿ ಒಂದೇ ಥರ ಇರಬೇಕು. ಆ ಬೆವರಿನ ನಡುವೆ ಒಣ ಕಲೆ ಕಂಡರೆ ಅಲ್ಲಿ ಒತ್ತುತ್ತಿದೆ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ನೂರಕ್ಕೆ 20 ಪಾಲು ಮೀರಬಾರದು. ಬೊಳ್ಳಿಯ ಮೇಲೆ ಕೂರಬೇಕೆಂದು ಬಂದ ದೊಡ್ಡ ಮೈಯ ನೆಂಟರಿಗೆ ಇದನ್ನು ಹೇಳುವುದು ಕಷ್ಟ, ಆದರೂ ಹೇಳುತ್ತೇನೆ.

ಸೆಖೆಗಾಲದಲ್ಲಿ ಬೆವರನ್ನೇ ನೋಡುತ್ತಿರಿ. ತೇವದ ಸೆಖೆಗೆ ಹೊಸದಾಗಿ ಬಂದ ಕೆಲವು ಕುದುರೆಗಳು ಬೆವರುವುದನ್ನೇ ನಿಲ್ಲಿಸುತ್ತವೆ. ಮೈ ಒಣ, ಉಸಿರು ಮಾತ್ರ ಜೋರು ಅಂದರೆ ಕೂಡಲೇ ಇಳಿದು ನೀರು ಹೊಯ್ಯುತ್ತಲೇ ಇರಬೇಕು. ಮಾರ್ಚಿನಿಂದ ಆಚೆಗೆ ನಾವು ಸೂರ್ಯ ಮೇಲೆ ಬರುವ ಮೊದಲೇ ಸವಾರಿ ಮುಗಿಸುತ್ತೇವೆ. ಮಳೆಗಾಲದಲ್ಲಿ ಗೊರಸಿನ ಅಡಿಯ ಸಂದು ಕೊಳೆತು ವಾಸನೆ ಬರದ ಹಾಗೆ ದಿನಾ ಕೆರೆದು ಒಣಗಿಸುವುದು, ಜೀನಿನ ಚರ್ಮಕ್ಕೆ ಬೂಸ್ಟು ಹಿಡಿಯದ ಹಾಗೆ ಆ ಕೋಣೆಯಲ್ಲಿ ಬಲ್ಬು ಉರಿಸಿಡುವುದು. ಸವಾರಿಗಿಂತ ಈ ಕೆಲಸವೇ ಜಾಸ್ತಿ.

ಮಟ್ಟು ಕಡಲಬದಿಗೆ ಕರೆದುಕೊಂಡು ಹೋಗುವುದು ನೀರು ಇಳಿದ ಹೊತ್ತಿಗೆ. ಒದ್ದೆ ಹೊಯಿಗೆ ಗಟ್ಟಿ ಇರುತ್ತದೆ, ಮೇಲಿನ ಒಣ ಹೊಯಿಗೆಯಲ್ಲಿ ಓಡಿಸಿದರೆ ಕಾಲಿನ ಸ್ನಾಯು ಸೆಳೆಯುತ್ತದೆ. ಚೆನ್ನ ಅಗಲವಾದ ನೇರ ಜಾಗ ಕಂಡರೆ ರೇಸ್ ಅಂದುಕೊಳ್ಳುತ್ತಾನೆ, ಅವನು ಅಲ್ಲಿ ಈಗಲೂ ನಡೆಯುವುದು ಮಾತ್ರ, ಮುಂದೆ ಪೋನಿ. ಬೊಳ್ಳಿಗೆ ತೆರೆಯ ಬಿಳಿ ನೊರೆ ಕಾಲಬುಡಕ್ಕೆ ಬಂದರೆ ಆಗುವುದಿಲ್ಲ. ಈ ವರ್ಷ ನೀರಿಗೆ ಸ್ವಲ್ಪ ಹತ್ತಿರ ಹೋಗಿದ್ದೇವೆ, ಉಳಿದದ್ದು ಮುಂದಿನ ನವೆಂಬರಿಗೆ.