ಕೋಲ್ಡ್ ಸ್ಟೋರೇಜ್ ಕಂಟ್ರೋಲರ್‌ಗೆ ಶೆಡ್ಯೂಲರ್ ಬರೆದದ್ದು: ಲಿಂಕ್ಡ್ ಲಿಸ್ಟ್ ಮತ್ತು ಪಾಳಿಯ ಲೆಕ್ಕ

ವಿಜಯಪುರ ಜಿಲ್ಲೆಯಲ್ಲಿ ಬೆಳೆಯುವ ದ್ರಾಕ್ಷಿಯ ದೊಡ್ಡ ಪಾಲು ಒಣದ್ರಾಕ್ಷಿಯಾಗಿ ಕೋಲ್ಡ್ ಸ್ಟೋರೇಜ್ ಸೇರುತ್ತದೆ. ಅಲ್ಲಿನ ಕಂಪ್ರೆಸರ್, ಫ್ಯಾನ್ ಮತ್ತು ಕಟ್ಟಿದ ಮಂಜನ್ನು ಕರಗಿಸುವ ಡಿಫ್ರಾಸ್ಟ್ ಹೀಟರ್‌ಗಳನ್ನು ನಡೆಸುವ ಕಂಟ್ರೋಲರ್ ಪೆಟ್ಟಿಗೆಗಳನ್ನು ತಯಾರಿಸುವುದು ನನ್ನ ಉದ್ಯೋಗ. ಪೆಟ್ಟಿಗೆಯೊಳಗೆ ಎಸ್‌ಟಿಎಂ32ಎಫ್103 ಎಂಬ ಮೈಕ್ರೋಕಂಟ್ರೋಲರ್ ಇದೆ. ಅದರ ವೇಗ 72 ಮೆಗಾಹರ್ಟ್ಜ್, ರ‍್ಯಾಮ್ 20 ಕಿಲೋಬೈಟ್. ಇದರ ಮೇಲೆ ಓಡುವ, ಯಾವ ಕೆಲಸ ಯಾವಾಗ ನಡೆಯಬೇಕೆಂದು ನಿರ್ಧರಿಸುವ ಚಿಕ್ಕ ರಿಯಲ್-ಟೈಮ್ ಶೆಡ್ಯೂಲರ್ ಅನ್ನು ನಾನೇ ಬರೆದಿದ್ದೇನೆ. ರಿಚರ್ಡ್ ಬ್ಯಾರಿಯವರು 2003ರಲ್ಲಿ ಆರಂಭಿಸಿದ, ಇದೇ ಕೆಲಸ ಮಾಡುವ ಫ್ರೀಆರ್‌ಟಿಓಎಸ್ ಉಚಿತವಾಗಿ ದೊರೆಯುತ್ತಿರುವಾಗ ಇದೇಕೆ ಎಂದು ಕೇಳುವವರಿದ್ದಾರೆ. ನಾನು ಮಾರುವ ವಸ್ತುವಿನ ಒಳಗೆ ಒಂದೊಂದು ಮಿಲಿಸೆಕೆಂಡಿಗೂ ಏನು ನಡೆಯುತ್ತದೆ ಎಂಬುದು ನನಗೆ ತಿಳಿದಿರಬೇಕು ಎಂಬ ಹಟ ನನ್ನದಾಗಿತ್ತು.

ಮೊದಲ ಆವೃತ್ತಿಯಲ್ಲಿ ಶೆಡ್ಯೂಲರ್ ಇರಲಿಲ್ಲ. ಒಂದೇ ಲೂಪ್‌ನಲ್ಲಿ ಎಲ್ಲ ಕೆಲಸವೂ ನಡೆಯುತ್ತಿತ್ತು. ಡಿಎಸ್18ಬಿ20 ಸೆನ್ಸರ್ 12 ಬಿಟ್ ಸೂಕ್ಷ್ಮತೆಯಲ್ಲಿ ಉಷ್ಣತೆಯನ್ನು ಅಳೆಯಲು 750 ಮಿಲಿಸೆಕೆಂಡ್‌ವರೆಗೆ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು ಲೂಪ್ ಅಲ್ಲಿಯೇ ನಿಂತರೆ ಕೀಪ್ಯಾಡ್ ಒತ್ತಿದ್ದು ದಾಖಲಾಗುತ್ತಿರಲಿಲ್ಲ, ಜಿಎಸ್‌ಎಂ ಮೋಡೆಮ್ ಕಳಿಸಿದ ಅಕ್ಷರಗಳು ಕಳೆದುಹೋಗುತ್ತಿದ್ದವು. ಆದ್ದರಿಂದ ಕೆಲಸವನ್ನು ಎಂಟು ಟಾಸ್ಕ್‌ಗಳಾಗಿ ವಿಂಗಡಿಸಿದೆ. ಯಾವುದೇ ಗಳಿಗೆಯಲ್ಲಿ ಒಂದು ಟಾಸ್ಕ್ ಓಡಲು ಸಿದ್ಧವಾಗಿರುತ್ತದೆ, ಇಲ್ಲವೇ ಯಾವುದೋ ಹೊತ್ತಿಗಾಗಿ ಅಥವಾ ಯಾವುದೋ ಘಟನೆಗಾಗಿ ಕಾಯುತ್ತಿರುತ್ತದೆ. ಟಾಸ್ಕ್ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಬೇರೆ ಗುರುತಿನಿಂದ ಹೇಳುವ ಅಗತ್ಯವಿಲ್ಲ, ಅದು ಯಾವ ಲಿಸ್ಟ್‌ನಲ್ಲಿದೆಯೋ ಅದೇ ಅದರ ಸ್ಥಿತಿ.

ಎಂಟೇ ಟಾಸ್ಕ್‌ಗಳಿಗೆ ಸಾದಾ ಅರೇ (ಸಾಲಾಗಿ ಜೋಡಿಸಿದ ಪಟ್ಟಿ) ಸಾಲದೇ ಎಂದು ಕೇಳಿದರೆ ಸಾಕು ಎಂದೇ ಹೇಳುತ್ತೇನೆ. ಆದರೆ ಅರೇ ಬಳಸಿದರೆ ಪ್ರತಿ ಮಿಲಿಸೆಕೆಂಡಿನ ಟಿಕ್‌ನಲ್ಲೂ ಎಲ್ಲ ಟಾಸ್ಕ್‌ಗಳನ್ನು ಮುಟ್ಟಿ ನೋಡಬೇಕಾಗುತ್ತದೆ. ಕಾಯುವವರನ್ನು ಏಳುವ ಹೊತ್ತಿನ ಕ್ರಮದಲ್ಲಿ, ಒಂದು ನೋಡ್ (ದಾಖಲೆ) ತನ್ನ ಮುಂದಿನದನ್ನು ತೋರಿಸುವ ಸರಪಳಿಯಾದ ಲಿಂಕ್ಡ್ ಲಿಸ್ಟ್‌ನಲ್ಲಿ ಜೋಡಿಸಿಟ್ಟರೆ ಟಿಕ್ ಇಂಟರಪ್ಟ್ (ಓಡುತ್ತಿರುವುದನ್ನು ತಡೆದು ಪ್ರತಿ ಟಿಕ್‌ಗೆ ನಡೆಯುವ ಕೋಡ್) ಮೊದಲ ನೋಡ್ ಒಂದನ್ನೇ ನೋಡಿದರಾಯಿತು. ಹುಡುಕುವ ಶ್ರಮ ಟಾಸ್ಕ್ ನಿದ್ರೆಗೆ ಹೋಗುವಾಗ ಒಮ್ಮೆ ಮಾತ್ರ ಬೀಳುತ್ತದೆ. ನೋಡ್‌ಗಳಿಗೆ ಮೆಮೊರಿಯನ್ನು ಓಡುವಾಗ ಬೇಡುವ ಪದ್ಧತಿಯನ್ನು ನಾನು ಇಟ್ಟುಕೊಳ್ಳಲಿಲ್ಲ. ಪ್ರತಿ ಟಾಸ್ಕ್‌ನ ದಾಖಲೆಯೊಳಗೇ ಮುಂದಿನ ಮತ್ತು ಹಿಂದಿನ ನೋಡ್‌ಗಳ ವಿಳಾಸ ಹಿಡಿದ ಪಾಯಿಂಟರ್‌ಗಳಿವೆ. ಹಿಂದಿನ ಪಾಯಿಂಟರ್ ಇರುವುದರಿಂದ ನಡುವಿನ ನೋಡ್ ಅನ್ನು ಕಿತ್ತು ತೆಗೆಯಲು ತಲೆಯಿಂದ ಹುಡುಕುತ್ತ ಬರಬೇಕಾಗಿಲ್ಲ. ಲಿಸ್ಟ್ ಅನ್ನು ವರ್ತುಲವಾಗಿಸಿ, ಎಂದೂ ಏಳದ ಒಂದು ಕಾವಲು ನೋಡ್ ಇಟ್ಟಿದ್ದರಿಂದ ಲಿಸ್ಟ್ ಖಾಲಿ ಇದೆಯೇ, ಇದೇ ಕೊನೆಯದೇ ಎಂಬ ವಿಶೇಷ ಪ್ರಶ್ನೆಗಳೂ ಇಲ್ಲವಾದವು.

ಸಿದ್ಧ ಟಾಸ್ಕ್‌ಗಳ ವ್ಯವಸ್ಥೆ ಸರಳವಾದದ್ದು. ಪ್ರತಿ ಆದ್ಯತೆಗೂ ಒಂದು ಲಿಸ್ಟ್, ಯಾವ ಲಿಸ್ಟ್‌ನಲ್ಲಿ ಟಾಸ್ಕ್ ಇದೆ ಎಂದು ತೋರಿಸುವ ಒಂದು 32 ಬಿಟ್ ಪದ, ಅಂದರೆ ಒಂದೊಂದು ಲಿಸ್ಟ್‌ಗೆ ಒಂದೊಂದು ಬಿಟ್ ಇರುವ ಸಂಖ್ಯೆ. ಕಾರ್ಟೆಕ್ಸ್-ಎಂ3 ಪ್ರೊಸೆಸರ್‌ನಲ್ಲಿರುವ ಸಿಎಲ್‌ಝಡ್ ಆದೇಶ ಆ ಪದದ ಮೇಲ್ತುದಿಯಲ್ಲಿರುವ ಸೊನ್ನೆಗಳನ್ನು ಒಂದೇ ಕ್ಲಾಕ್‌ನಲ್ಲಿ ಎಣಿಸಿಕೊಡುತ್ತದೆ, ಅಲ್ಲಿಗೆ ಅತಿ ಹೆಚ್ಚಿನ ಆದ್ಯತೆ ಯಾವುದೆಂದು ತಿಳಿಯುತ್ತದೆ. ನನಗೆ ತೊಂದರೆ ಬಂದದ್ದು ಕಾಯುವವರ ಲಿಸ್ಟ್‌ನಲ್ಲಿ.

ಮೊದಲು ನಾನು ಪ್ರತಿ ನೋಡ್‌ನಲ್ಲಿ ಏಳಬೇಕಾದ ಹೊತ್ತನ್ನು, ಪೆಟ್ಟಿಗೆ ಶುರುವಾದಾಗಿನಿಂದ ಲೆಕ್ಕಹಾಕಿದ ಪೂರ್ಣ ಟಿಕ್ ಎಣಿಕೆಯಾಗಿ ಬರೆಯುತ್ತಿದ್ದೆ: ಈಗಿನ ಎಣಿಕೆಗೆ ಕಾಯುವ ಅವಧಿಯನ್ನು ಕೂಡಿಸಿ, ಬಂದ ಮೊತ್ತಕ್ಕೆ ತಕ್ಕ ಜಾಗದಲ್ಲಿ ಸೇರಿಸುವುದು. ಈ ಪೆಟ್ಟಿಗೆಗಳು ಬಹಳ ಕಾಲ ತಕರಾರಿಲ್ಲದೆ ನಡೆದವು. ಆಮೇಲೆ ಟಿಕೋಟಾ ಕಡೆಯ ಒಂದು ಕೋಲ್ಡ್ ಸ್ಟೋರೇಜ್‌ನಿಂದ ನಸುಕಿನಲ್ಲಿ ಕಾವಲುಗಾರರು ಫೋನ್ ಮಾಡಿದರು: “ಸರ, ರಾತ್ರಿಯಿಂದ ಹೀಟರ್ ಮ್ಯಾಲಿಂದ ಮ್ಯಾಲೆ ಚಾಲೂ ಆಗಾಕತ್ತೈತಿ. ಈಗರೆ ರಿಲೇ ಗುಂಯ್ ಅನ್ನಾಕತ್ತೈತ್ರಿ.” ನಾನು ಅಲ್ಲಿಗೆ ತಲುಪುವಷ್ಟರಲ್ಲಿ ಎಲ್ಲವೂ ಸರಿಯಾಗಿತ್ತು. ಕಂಪ್ರೆಸರ್ ಓಡುತ್ತಿತ್ತು, ಕೋಣೆ ಮತ್ತೆ ತಣ್ಣಗಾಗುತ್ತಿತ್ತು. ಮಾಲಿಗೆ ಹಾನಿಯಾಗಿರಲಿಲ್ಲವಾದರೂ ತಾನಾಗಿಯೇ ಕೆಟ್ಟು ತಾನಾಗಿಯೇ ರಿಪೇರಿಯಾದ ಪೆಟ್ಟಿಗೆಯನ್ನು ಅಲ್ಲಿ ಬಿಟ್ಟುಬರಲು ನನ್ನ ಮನಸ್ಸು ಒಪ್ಪಲಿಲ್ಲ. ಬೇರೊಂದನ್ನು ಜೋಡಿಸಿ ಅದನ್ನು ಮನೆಗೆ ತಂದೆ.

ಪೆಟ್ಟಿಗೆ ಗಂಟೆಗೊಮ್ಮೆ ಉಷ್ಣತೆಯನ್ನೂ ಟಿಕ್ ಎಣಿಕೆಯನ್ನೂ ಬರೆದಿಡುತ್ತದೆ. ತೆರೆದು ನೋಡಿದರೆ ಗಂಟೆಗೊಂದರಂತೆ ಇರಬೇಕಾದ ನಮೂದುಗಳು ಬೆನ್ನಿಗೆ ಬೆನ್ನು ಹಚ್ಚಿ ಇಡೀ ದಾಖಲೆಯನ್ನು ತುಂಬಿದ್ದವು, ಮತ್ತು ಎಲ್ಲದರಲ್ಲೂ ಎಣಿಕೆ 429 ಕೋಟಿ 49 ಲಕ್ಷದ ಆಸುಪಾಸಿನಲ್ಲಿತ್ತು. 32 ಬಿಟ್‌ಗಳಲ್ಲಿ ಹಿಡಿಸುವುದು 4,29,49,67,296 ಎಣಿಕೆ, ಮಿಲಿಸೆಕೆಂಡಿನಲ್ಲಿ ಅದು 49 ದಿನ 17 ಗಂಟೆ. ಅದನ್ನು ದಾಟಿದರೆ ಎಣಿಕೆ ಸೊನ್ನೆಗೆ ಮರಳುತ್ತದೆ. ಡಿಫ್ರಾಸ್ಟ್ ಟಾಸ್ಕ್ ಹೀಟರ್ ಅನ್ನು 20 ನಿಮಿಷ ನಡೆಸಿ, ಆರು ಗಂಟೆ ಮಲಗುತ್ತದೆ. ಎಣಿಕೆ ತುಂಬಲು ಆರು ಗಂಟೆಗಿಂತ ಕಡಿಮೆ ಉಳಿದಿರುವಾಗ ಅದು ಮಲಗಲು ಹೊರಟರೆ ಮೊತ್ತ ತುಳುಕಿ ಚಿಕ್ಕ ಸಂಖ್ಯೆಯಾಗುತ್ತದೆ. ಚಿಕ್ಕ ಸಂಖ್ಯೆ ಲಿಸ್ಟ್‌ನ ತಲೆಗೆ ಹೋಗಿ ಕೂರುತ್ತದೆ, ಮುಂದಿನ ಟಿಕ್ ಅದರ ಹೊತ್ತು ಕಳೆದಿದೆ ಎಂದು ತಿಳಿದು ಎಬ್ಬಿಸುತ್ತದೆ. ಹೀಗೆ ಡಿಫ್ರಾಸ್ಟ್ ಮುಗಿದ ಕೂಡಲೇ ಮತ್ತೊಂದು ಡಿಫ್ರಾಸ್ಟ್ ಶುರುವಾಯಿತು. ಕೊನೆಯ 20 ನಿಮಿಷಗಳಲ್ಲಿ ಹೀಟರ್‌ನ ಅವಧಿಯೂ ತುಳುಕಿದ್ದರಿಂದ ರಿಲೇಗೆ ಮಿಲಿಸೆಕೆಂಡಿಗೊಮ್ಮೆ ಆದೇಶ ಹೋಯಿತು. ಕಾವಲುಗಾರರು ಕೇಳಿದ ಸದ್ದು ಅದೇ. ಎಣಿಕೆ ಸೊನ್ನೆಗೆ ಬಂದ ಮೇಲೆ ಎಲ್ಲವೂ ಸರಿಹೋಯಿತು. ಬೇರೆ ಕಡೆಗಳಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಪೆಟ್ಟಿಗೆ ಹೊಸದಾಗಿ ಎಣಿಸಲು ತೊಡಗುತ್ತಿತ್ತು, ಇಲ್ಲಿ ಮಾತ್ರ ಬ್ಯಾಟರಿಯ ಬೆಂಬಲವಿತ್ತು. ವಿಂಡೋಸ್ 95 ಮತ್ತು 98 ಕೂಡ 49.7 ದಿನಗಳ ಇದೇ ಎಣಿಕೆಯಿಂದ ಸ್ಥಗಿತಗೊಳ್ಳುತ್ತಿದ್ದವು ಎಂಬುದನ್ನು ನಾನು ಹಿಂದೆಯೇ ಓದಿದ್ದೆ. ಓದಿದ್ದು ನನ್ನ ಕೋಡ್‌ಗೂ ಅನ್ವಯಿಸುತ್ತದೆ ಎಂದು ಅಂದು ಹೊಳೆದಿರಲಿಲ್ಲ.

ಫ್ರೀಆರ್‌ಟಿಓಎಸ್ ಇದಕ್ಕೆ ಎರಡು ಲಿಸ್ಟ್ ಇಡುತ್ತದೆ: ಎಣಿಕೆ ತುಂಬುವ ಮೊದಲು ಏಳುವವರಿಗೆ ಒಂದು, ತುಂಬಿದ ನಂತರ ಏಳುವವರಿಗೆ ಇನ್ನೊಂದು. ಎಣಿಕೆ ಸೊನ್ನೆಯಾದಾಗ ಎರಡನ್ನೂ ಅದಲುಬದಲು ಮಾಡುತ್ತದೆ. ನನಗೆ ಹಿಡಿಸಿದ್ದು ಬೇರೆ ದಾರಿ. ನಮ್ಮ ಊರಿನಲ್ಲಿ ನಾಲ್ಕು ಮನೆಯವರ ಪಾಲಿನ ಬಾವಿಯೊಂದಿತ್ತು. ನೀರಿನ ಪಾಳಿ ಯಾವಾಗ ಎಂದು ಕೇಳಿದರೆ ಅಪ್ಪ ಗಡಿಯಾರದ ಹೊತ್ತು ಹೇಳುತ್ತಿರಲಿಲ್ಲ. “ಗೌಡ್ರು ಮೋಟರ್ ಚಾಲೂ ಮಾಡಿದ ಮೂರ ತಾಸಿಗೆ ನಮ್ಮದ ಐತಿ, ತಮ್ಮಾ” ಎನ್ನುತ್ತಿದ್ದರು. ಡೆಲ್ಟಾ ಲಿಸ್ಟ್ ಎಂದರೆ ಇದೇ. ನೋಡ್‌ನಲ್ಲಿ ಬರೆಯುವುದು ಏಳುವ ಹೊತ್ತನ್ನಲ್ಲ, ಪಾಳಿಯಲ್ಲಿ ತನಗಿಂತ ಮೊದಲಿರುವವನು ಎದ್ದ ಮೇಲೆ ಇನ್ನೆಷ್ಟು ಟಿಕ್ ಎಂಬುದನ್ನು. 20, 750, 1,000 ಮತ್ತು 1,80,000 ಟಿಕ್ ಕಾಯುವ ನಾಲ್ಕು ಟಾಸ್ಕ್‌ಗಳಿದ್ದರೆ ಲಿಸ್ಟ್‌ನಲ್ಲಿ ಇರುವುದು 20, 730, 250, 1,79,000. ಪ್ರತಿ ಟಿಕ್‌ಗೆ ತಲೆಯ ನೋಡ್‌ನಿಂದ ಒಂದನ್ನು ಕಳೆದರೆ ಸಾಕು, ಉಳಿದವರ ಹೊತ್ತು ತಾನಾಗಿ ಹತ್ತಿರ ಬರುತ್ತದೆ. 800 ಟಿಕ್ ಕಾಯುವ ಹೊಸಬ ಬಂದರೆ ದಾರಿಯಲ್ಲಿ 20 ಮತ್ತು 730ನ್ನು ಕಳೆದುಕೊಂಡು 50 ಆಗಿ ಸೇರುತ್ತಾನೆ, ಅವನ ಹಿಂದಿನ 250 ಈಗ 200 ಆಗಬೇಕು. ಒಂದೇ ಹೊತ್ತಿಗೆ ಏಳುವವರಲ್ಲಿ ಎರಡನೆಯವನದು ಸೊನ್ನೆ. ಆದ್ದರಿಂದ ತಲೆ ಎದ್ದ ಮೇಲೆ ಹಿಂದಿರುವ ಸೊನ್ನೆಗಳನ್ನೆಲ್ಲ ಅದೇ ಟಿಕ್‌ನಲ್ಲಿ ಎಬ್ಬಿಸಬೇಕು. ಇಲ್ಲಿ ಪೂರ್ಣ ಎಣಿಕೆಯೇ ಇಲ್ಲದ ಕಾರಣ ತುಳುಕಲು ಏನೂ ಉಳಿಯುವುದಿಲ್ಲ.

ಆದರೆ ಬಾವಿಯ ಹೋಲಿಕೆಯನ್ನು ಪೂರ್ತಿ ನಂಬಿದ್ದರಿಂದ ಇನ್ನೊಂದು ತಪ್ಪನ್ನು ಮಾಡಿದೆ. ಬಾವಿಯಲ್ಲಿ ನಡುವಿನವರು ಪಾಳಿ ಬಿಟ್ಟುಕೊಟ್ಟರೆ ಅವರ ಹಿಂದಿನವರಿಗೆ ನೀರು ಬೇಗ ಬರುತ್ತದೆ, ಅದರಿಂದ ಎಲ್ಲರಿಗೂ ಸಂತೋಷವೇ. ಟಾಸ್ಕ್‌ಗಳಲ್ಲಿ ಹಾಗಾಗಕೂಡದು. ಜಿಎಸ್‌ಎಂ ಟಾಸ್ಕ್ ಮೋಡೆಮ್‌ನ ಉತ್ತರಕ್ಕಾಗಿ ಹೆಚ್ಚೆಂದರೆ 10 ಸೆಕೆಂಡ್ ಕಾಯುತ್ತದೆ. ಉತ್ತರ ಮೊದಲೇ ಬಂದರೆ ಅದನ್ನು ಕಾಯುವ ಲಿಸ್ಟ್‌ನ ನಡುವಿನಿಂದ ಕೀಳಬೇಕು, ಮತ್ತು ಅದರಲ್ಲಿ ಉಳಿದಿದ್ದ ಟಿಕ್‌ಗಳನ್ನು ಅದರ ನಂತರ ಏಳಬೇಕಾದ ನೋಡ್‌ಗೆ ಕೂಡಿಸಬೇಕು. ನಾನು ಕಿತ್ತೆ, ಕೂಡಿಸಲಿಲ್ಲ. ಮೇಜಿನ ಮೇಲೆ ಪರೀಕ್ಷಿಸುವಾಗ ಆರು ಗಂಟೆಯ ಬದಲು ಒಂದು ನಿಮಿಷಕ್ಕೆ ಬರಬೇಕಾದ ಡಿಫ್ರಾಸ್ಟ್, ಮೋಡೆಮ್ ಮಾತನಾಡಿದಾಗಲೆಲ್ಲ ಕೆಲವು ಸೆಕೆಂಡ್ ಬೇಗ ಬಂದದ್ದರಿಂದ ಅದು ಬಯಲಾಯಿತು. ಕಂಪ್ರೆಸರ್ ನಿಂತ ಮೇಲೆ ಮೂರು ನಿಮಿಷ ಬಿಡುವು ಕೊಡುವ ಟಾಸ್ಕ್ ಕೂಡ ಇದೇ ಲಿಸ್ಟ್‌ನಲ್ಲಿದೆ. ಪೈಪಿನ ಒತ್ತಡ ಇಳಿಯುವ ಮೊದಲೇ ಕಂಪ್ರೆಸರ್ ಮತ್ತೆ ಶುರುವಾದರೆ ಮೋಟರ್ ವಿಪರೀತ ಕರೆಂಟ್ ಎಳೆಯುತ್ತದೆ. ಈ ತಪ್ಪು ನನ್ನ ಮೇಜನ್ನು ದಾಟಿ ಹೋಗಿದ್ದರೆ ಯಾರದೋ ಮೋಟರ್ ಸುಡುತ್ತಿತ್ತು.

ಮೋಡೆಮ್‌ನ ಉತ್ತರ ಬರುವುದು ಇಂಟರಪ್ಟ್‌ನಲ್ಲಿ. ಲಿಸ್ಟ್‌ನ ನಾಲ್ಕು ಪಾಯಿಂಟರ್‌ಗಳಲ್ಲಿ ಎರಡು ಬದಲಾಗಿ ಇನ್ನೆರಡು ಬದಲಾಗದಿರುವ ಗಳಿಗೆಯಲ್ಲಿ ಅದು ನುಗ್ಗಿದರೆ ಸರಪಳಿ ಹರಿಯುತ್ತದೆ. ಆದ್ದರಿಂದ ಸೇರಿಸುವ, ಕೀಳುವ ಕೆಲಸದ ಉದ್ದಕ್ಕೂ, ಪ್ರೊಸೆಸರ್‌ನಲ್ಲಿ ಇಂಟರಪ್ಟ್‌ಗಳನ್ನು ಆದ್ಯತೆಯ ಮೇಲೆ ತಡೆಯುವ ಬೇಸ್‌ಪ್ರೈ ರಿಜಿಸ್ಟರ್ ಮೂಲಕ ಲಿಸ್ಟ್ ಮುಟ್ಟುವ ಇಂಟರಪ್ಟ್‌ಗಳನ್ನು ಮಾತ್ರ ತಡೆಯುತ್ತೇನೆ. ಇಂಟರಪ್ಟ್ ತಡೆದಿರುವ ಅವಧಿಯೇ ಈ ಪದ್ಧತಿಗೆ ತೆರುವ ನಿಜವಾದ ಬೆಲೆ. ಟಾಸ್ಕ್‌ಗಳು ನೂರಾರು ಇದ್ದಲ್ಲಿ, ಸೇರಿಸುವಾಗ ಲಿಸ್ಟ್ ಉದ್ದಕ್ಕೂ ನಡೆಯಬೇಕಾದ್ದರಿಂದ, ನಾನು ಇದನ್ನು ಆರಿಸುತ್ತಿರಲಿಲ್ಲ.

49 ದಿನ ಕಾಯದೆ ಪರೀಕ್ಷಿಸುವ ಉಪಾಯವನ್ನು ಲಿನಕ್ಸ್ ಕರ್ನೆಲ್‌ನಿಂದ ಕಲಿತೆ. ಅದರ ಟಿಕ್ ಎಣಿಕೆಯಾದ ಜಿಫೀಸ್ ಶುರುವಾಗುವುದೇ 32 ಬಿಟ್ ತುಂಬಲು ಐದು ನಿಮಿಷ ಉಳಿದಿರುವ ಸಂಖ್ಯೆಯಿಂದ. ದಾಖಲೆ ಬರೆಯಲು ನನ್ನ ಪೆಟ್ಟಿಗೆಯಲ್ಲಿ ಟಿಕ್ ಎಣಿಕೆ ಇನ್ನೂ ಇದೆ, ಅದನ್ನೂ ಈಗ ಅಲ್ಲಿಂದಲೇ ಶುರುಮಾಡುತ್ತೇನೆ. ಎರಡು ಎಣಿಕೆಗಳಲ್ಲಿ ಯಾವುದು ಮೊದಲು ಎಂದು ನೇರವಾಗಿ ಹೋಲಿಸದೆ, ಒಂದರಿಂದ ಒಂದನ್ನು ಕಳೆದು, ಬಂದದ್ದು ಋಣವೋ ಧನವೋ ಎಂದು ನೋಡುತ್ತೇನೆ. ಈ ಲೆಕ್ಕವೂ ಅಂತರ 24 ದಿನ 20 ಗಂಟೆಯೊಳಗಿದ್ದರೆ ಮಾತ್ರ ಸರಿಬರುತ್ತದೆ. ತಿಂಗಳಿಗೊಮ್ಮೆ ಕಂಡೆನ್ಸರ್ ತೊಳೆಯಲು ನೆನಪಿಸುವ ಸೂಚನೆಗೆ ಅದು ಸಾಲದೆಂದು ಗೊತ್ತಾದ ಮೇಲೆ, ಆ ಸೂಚನೆಗಾಗಿ ಗಂಟೆಗಳನ್ನು ಎಣಿಸುವ ಬೇರೊಂದು ಎಣಿಕೆಯನ್ನು ಇಟ್ಟಿದ್ದೇನೆ.